ಪಾರ್ಶ್ವಚಿಂತನೆ: ಬುದ್ಧಿಗೊಂದು ವ್ಯಾಯಾಮ

ಶರೀರಕ್ಕೆ ವ್ಯಾಯಾಮ ಅವಶ್ಯಕವೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಪುಣೆ ಕ್ಯಾಂಪಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಮುಂಜಾನೆ ರೇಸ್ ಕೋರ್ಸಿನ ಕಡೆಗೋ ಎಂಪ್ರೆಸ್ ಗಾರ್ಡನ್ನಿನ ಕಡೆಗೋ ನಡೆದು ಬರುವುದನ್ನು ಒಂದು ವ್ರತದಂತೆ ಪಾಲಿಸುತ್ತಾರೆ. ಆದರೆ ಬುದ್ಧಿಯ ವಿಷಯಕ್ಕೆ ಬಂದಾಗ ಮನೋಭಾವ ಬೇರೆಯಾಗುತ್ತದೆ. ಬುದ್ಧಿಯೆಂಬುದು ಹುಟ್ಟಿನೊಡನೆ ಬಂದದ್ದು, ಹೊಸದನ್ನು ಕಲ್ಪಿಸುವ ಶಕ್ತಿ ಕವಿಗಳಿಗೂ ವಿಜ್ಞಾನಿಗಳಿಗೂ ಮಾತ್ರ ಮೀಸಲಾದದ್ದು ಎಂಬ ನಂಬಿಕೆ ಸಾಮಾನ್ಯವಾಗಿದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ. ಬುದ್ಧಿಯ ಪ್ರಮಾಣವನ್ನು ಬದಲಿಸುವುದು ಕಷ್ಟವಾಗಿರಬಹುದು. ಅದನ್ನು ಬಳಸುವ ರೀತಿಯನ್ನು ಬದಲಿಸುವುದು ಯಾರಿಗೂ ಸಾಧ್ಯ.

ಊರು ಬಿಟ್ಟು ಬಂದವರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಧಾರವಾಡದಲ್ಲೋ ಮಂಗಳೂರಿನಲ್ಲೋ ಹಿರಿಯರು ನಡೆದ ದಾರಿಯಲ್ಲಿ ನಡೆದರೆ ಸಾಕಾಗುತ್ತಿತ್ತು. ಇಲ್ಲಿ ಭಾಷೆ ಬೇರೆ, ನೆರೆಹೊರೆ ಬೇರೆ, ಮನೆ ಚಿಕ್ಕದು, ಗಂಡಹೆಂಡಿರಿಬ್ಬರಿಗೂ ನೌಕರಿ, ಮಕ್ಕಳಿಗೆ ಮೂರು ನಾಲ್ಕು ಭಾಷೆಗಳ ಶಾಲೆ, ಊರಿನಿಂದ ಬಂದ ವೃದ್ಧ ತಂದೆತಾಯಿಗಳಿಗೆ ಮಾತನಾಡಲು ಜನವಿಲ್ಲದ ಹಗಲು. ಹಳೆಯ ಉತ್ತರಗಳು ಹೊಂದದ ಪ್ರಶ್ನೆಗಳು ದಿನವೂ ಎದುರಾಗುತ್ತವೆ. ಅಂಥ ಪ್ರಶ್ನೆಗೆ ಅದೇ ಹಳೆಯ ಉತ್ತರವನ್ನು ಮತ್ತಷ್ಟು ಬಲವಾಗಿ ಪ್ರಯೋಗಿಸಿದಾಗ ಪರಿಹಾರ ದೊರೆಯುವುದಿಲ್ಲ. ದೊರೆಯುವುದು ಆಯಾಸ, ಪರಸ್ಪರ ದೂಷಣೆ ಮತ್ತು ನಿದ್ರಾಹೀನತೆ. ಆದುದರಿಂದ ಆಲೋಚನೆಯ ರೀತಿ ಆರೋಗ್ಯದ ವಿಷಯವೂ ಹೌದು.

ಎರಡು ಬಗೆಯ ಚಿಂತನೆ

ಮಾಲ್ಟಾ ದ್ವೀಪದಲ್ಲಿ 1933ರಲ್ಲಿ ಜನಿಸಿದ ವೈದ್ಯ ಎಡ್ವರ್ಡ್ ಡಿ ಬೋನೊ 1967ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ‘ಲ್ಯಾಟರಲ್ ಥಿಂಕಿಂಗ್’ ಎಂಬ ಮಾತನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ಪಾರ್ಶ್ವಚಿಂತನೆ ಎನ್ನಬಹುದು. ಎದುರಿಗೆ ಕಾಣುವ ದಾರಿಯಲ್ಲಿ ಒಂದೊಂದೇ ಹೆಜ್ಜೆ ಮುಂದಿಡುತ್ತ, ಪ್ರತಿಯೊಂದು ಹೆಜ್ಜೆಯನ್ನೂ ಸರಿಯೆಂದು ಖಚಿತಪಡಿಸಿಕೊಳ್ಳುತ್ತ ಸಾಗುವುದು ನೇರ ಚಿಂತನೆ. ಲೆಕ್ಕ ಮಾಡುವಾಗ, ಔಷಧದ ಪ್ರಮಾಣ ನಿರ್ಧರಿಸುವಾಗ, ಯಂತ್ರ ದುರಸ್ತಿ ಮಾಡುವಾಗ ಬೇಕಾದದ್ದು ಇದೇ. ಪಾರ್ಶ್ವಚಿಂತನೆಯಾದರೋ ಆ ದಾರಿಯನ್ನೇ ಪ್ರಶ್ನಿಸುತ್ತದೆ; ಪಕ್ಕಕ್ಕೆ ಸರಿದು ನಿಂತು ಬೇರೆ ದಾರಿಯುಂಟೇ ಎಂದು ನೋಡುತ್ತದೆ. ನೀರು ಸಿಗದ ಬಾವಿಯನ್ನು ಇನ್ನಷ್ಟು ಆಳವಾಗಿ ತೋಡುವುದು ಒಂದು ಕ್ರಮ, ಬೇರೆ ಕಡೆ ತೋಡಿ ನೋಡುವುದು ಇನ್ನೊಂದು ಕ್ರಮ. ಡಿ ಬೋನೊ ಕೂಡ ಗುಂಡಿ ತೋಡುವ ಈ ಹೋಲಿಕೆಯನ್ನೇ ಬಳಸಿದ್ದಾರೆ. 2021ರಲ್ಲಿ ನಿಧನರಾಗುವವರೆಗೂ ಅವರು ಪ್ರತಿಪಾದಿಸಿದ್ದು ಒಂದೇ ಮಾತು: ಇದು ವರವಲ್ಲ, ಕಲಿಯಬಹುದಾದ ಕೌಶಲ.

ಹೆಸರು ಹೊಸದಾದರೂ ಕ್ರಿಯೆ ಹೊಸದಲ್ಲ. ಪುಣೆಯ ಕನ್ನಡಿಗರು ಇದರ ಅತ್ಯುತ್ತಮ ನಿದರ್ಶನವನ್ನು ಹುಡುಕಿಕೊಂಡು ಮಾಲ್ಟಾಕ್ಕೆ ಹೋಗಬೇಕಾಗಿಲ್ಲ. ಅದು ನಗರದ ನೈಋತ್ಯಕ್ಕೆ, ಸಿಂಹಗಡದ ರಸ್ತೆಯಲ್ಲಿ, ಖಡಕ್ವಾಸಲಾದಲ್ಲಿ ಇದೆ.

ಖಡಕ್ವಾಸಲಾದ ಪಾಠ

ಪುಣೆ ನಗರಕ್ಕೂ ದಂಡಿನ ಪ್ರದೇಶಕ್ಕೂ ನೀರು ಒದಗಿಸಲು ಮುಠಾ ನದಿಗೆ ಅಡ್ಡಲಾಗಿ ಖಡಕ್ವಾಸಲಾದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಲಿನ ಅಣೆಕಟ್ಟನ್ನು ಕಟ್ಟಲಾಗಿತ್ತು. ಅದರಿಂದಾದ ಜಲಾಶಯಕ್ಕೆ ಆಂಗ್ಲರು ಲೇಕ್ ಫೈಫ್ ಎಂದು ಹೆಸರಿಟ್ಟಿದ್ದರು. ಇಲ್ಲಿಂದ ಹೊರಟ ಮುಠಾ ಬಲದಂಡೆಯ ಕಾಲುವೆ ಸ್ವಾರಗೇಟಿನ ಬಳಿ ಹಾದು ಹಡಪಸರದ ಕಡೆಗೆ ಹರಿಯುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬಿ ಕೋಡಿ ಬಿದ್ದು ಹೇರಳವಾದ ನೀರು ವ್ಯರ್ಥವಾಗಿ ಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ.

ಈ ಸಮಸ್ಯೆಯನ್ನು ಎದುರಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಪುಣೆಯ ಸೈನ್ಸ್ ಕಾಲೇಜಿನಿಂದ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ಉತ್ತೀರ್ಣರಾದ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ್ದರು. ಅಂದರೆ ಅವರೂ ಒಂದು ಕಾಲಕ್ಕೆ ಓದಿಗಾಗಿ ಪುಣೆಗೆ ಬಂದ ಕನ್ನಡನಾಡಿನ ತರುಣರೇ.

ಹೆಚ್ಚು ನೀರು ಬೇಕಾದರೆ ಅಣೆಕಟ್ಟನ್ನು ಎತ್ತರಿಸಬೇಕು. ಇದು ನೇರ ಚಿಂತನೆಯ ಉತ್ತರ. ತಪ್ಪೇನೂ ಅಲ್ಲ, ಆದರೆ ಬಹಳ ವೆಚ್ಚದ್ದು. ಕೋಡಿಯ ಮೇಲೆ ಒಂದು ಗಿಡ್ಡ ಗೋಡೆ ಕಟ್ಟಿದರೆ? ಆಗ ನೀರು ಹೆಚ್ಚು ನಿಲ್ಲುತ್ತದೆ, ನಿಜ. ಆದರೆ ದೊಡ್ಡ ಪ್ರವಾಹ ಬಂದಾಗ ಹೊರಹೋಗಲು ದಾರಿಯಿಲ್ಲದೆ ನೀರು ಇನ್ನೂ ಮೇಲೇರಿ ಅಣೆಕಟ್ಟಿಗೇ ಅಪಾಯ ತರುತ್ತದೆ. ಎರಡು ಉತ್ತರಗಳಲ್ಲಿ ಒಂದು ದುಬಾರಿ, ಇನ್ನೊಂದು ಅಪಾಯಕಾರಿ. ಸಾಮಾನ್ಯನು ಇಲ್ಲಿಗೆ ನಿಲ್ಲುತ್ತಾನೆ.

ವಿಶ್ವೇಶ್ವರಯ್ಯನವರು ಪಕ್ಕಕ್ಕೆ ಸರಿದು ನೋಡಿದರು. ಪ್ರವಾಹದ ದಿನಗಳಲ್ಲಿ ನೀರು ಕೋಡಿಯ ಮಟ್ಟದಿಂದ ಸುಮಾರು 8 ಅಡಿಗಳವರೆಗೆ ಏರಿ ಹರಿಯುತ್ತಿತ್ತು. ಅಷ್ಟು ಎತ್ತರದ ನೀರನ್ನು ತಡೆಯುವ ಶಕ್ತಿ ಅಣೆಕಟ್ಟಿಗೆ ಆಗಲೇ ಇತ್ತು. ಅಂದಮೇಲೆ ಕೊರತೆ ಅಣೆಕಟ್ಟಿನ ಎತ್ತರದಲ್ಲಿ ಇರಲಿಲ್ಲ. ಪ್ರವಾಹ ಇಳಿದ ಮೇಲೆ ಆ 8 ಅಡಿ ನೀರನ್ನು ಹಿಡಿದಿಡುವ ಉಪಾಯವಿಲ್ಲದಿದ್ದುದೇ ಕೊರತೆ. ಬೇಕಾಗಿದ್ದುದು ಸಾಮಾನ್ಯ ದಿನಗಳಲ್ಲಿ ಇರುವ, ಪ್ರವಾಹದ ದಿನ ಇಲ್ಲದಂತಾಗುವ ಒಂದು ಗೋಡೆ. ಪ್ರಶ್ನೆಯನ್ನು ಹೀಗೆ ಕೇಳಿಕೊಂಡ ಮೇಲೆ ಉತ್ತರ ದೂರವಿರಲಿಲ್ಲ. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಮುಚ್ಚಿದ್ದು, ಅದನ್ನು ಮೀರಿದೊಡನೆ ತಾವಾಗಿಯೇ ತೆರೆದು, ನೀರು ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಸ್ವಯಂಚಾಲಿತ ದ್ವಾರಗಳನ್ನು ಅವರು ರಚಿಸಿದರು. 1903ರಲ್ಲಿ ಅವು ಖಡಕ್ವಾಸಲಾದಲ್ಲಿ ಅಳವಟ್ಟವು. ಅಣೆಕಟ್ಟನ್ನು ಎತ್ತರಿಸದೆಯೇ ಜಲಾಶಯದ ಸಂಗ್ರಹ ಸುಮಾರು ಕಾಲುಭಾಗದಷ್ಟು ಹೆಚ್ಚಿತು. ಈ ರಚನೆಗೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಇದೇ ಕ್ರಮ ಬಳಕೆಗೆ ಬಂದಿತು. ಖಡಕ್ವಾಸಲಾದ ಆ ಹಳೆಯ ಅಣೆಕಟ್ಟು 1961ರ ಜುಲೈ 12ರಂದು, ಮೇಲಿನ ಪಾನಶೇತ್ ಅಣೆಕಟ್ಟು ಒಡೆದು ಬಂದ ಮಹಾಪ್ರವಾಹದಲ್ಲಿ ಒಡೆದುಹೋಯಿತು. ಈಗ ಕಾಣುವುದು ಅನಂತರ ಪುನರ್ನಿರ್ಮಿಸಿದುದು. ಆದರೆ ಆ ಸ್ಥಳ ಕಲಿಸಿದ ಪಾಠ ಒಡೆದಿಲ್ಲ.

ಇದಕ್ಕೂ ಮೊದಲು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದಲ್ಲಿ ಅವರು ತೋರಿದ ಯುಕ್ತಿಯೂ ಇದೇ ಜಾತಿಯದು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿತ್ತು. ಅದನ್ನು ಶೋಧಿಸುವ ಕಟ್ಟಡಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿರಲಿಲ್ಲ. ಶೋಧಕವನ್ನು ಕಟ್ಟಲೇಬೇಕೆಂಬ ಊಹೆಯನ್ನು ವಿಶ್ವೇಶ್ವರಯ್ಯನವರು ಕೈಬಿಟ್ಟರು. ನದಿಯ ಪಾತ್ರದಲ್ಲಿಯೇ ದಂಡೆಯ ಹತ್ತಿರ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಿಳಿಯಾಗಿತ್ತು. ಬಯಲುಸೀಮೆಯ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಿಸಿಕೊಳ್ಳುವುದನ್ನು ಕಂಡವರಿಗೆ ಇದರ ತತ್ತ್ವ ಅಪರಿಚಿತವಲ್ಲ. ಹಳ್ಳದ ಯುಕ್ತಿ ಮಹಾನದಿಗೂ ಒಪ್ಪುತ್ತದೆಂದು ಕಾಣುವುದೇ ಇಲ್ಲಿಯ ವಿಶೇಷ.

ಮನಸ್ಸು ಅಂಟಿಕೊಳ್ಳುವುದೇಕೆ?

ಇಷ್ಟು ಸರಳವಾದ ಉತ್ತರಗಳು ಮೊದಲೇ ಏಕೆ ಹೊಳೆಯುವುದಿಲ್ಲ? ಜರ್ಮನಿಯ ಮನೋವಿಜ್ಞಾನಿ ಕಾರ್ಲ್ ಡಂಕರ್ ಇದನ್ನು ಒಂದು ಸುಲಭವಾದ ಪ್ರಯೋಗದಿಂದ ತೋರಿಸಿದರು. ಒಂದು ಮೇಣದ ಬತ್ತಿ, ಬೆಂಕಿಕಡ್ಡಿಗಳು, ಒಂದು ಡಬ್ಬಿ ತುಂಬ ಗುಂಡುಮೊಳೆಗಳು. ಬತ್ತಿಯನ್ನು ಗೋಡೆಯ ಮೇಲೆ ಉರಿಯುವಂತೆ ನಿಲ್ಲಿಸಬೇಕು. ಮೊಳೆಗಳನ್ನು ಸುರಿದು, ಬರಿದಾದ ಡಬ್ಬಿಯನ್ನೇ ಗೋಡೆಗೆ ಹೊಡೆದು ಅದರ ಮೇಲೆ ಬತ್ತಿಯನ್ನು ನಿಲ್ಲಿಸುವುದು ಉತ್ತರ. ಡಬ್ಬಿಯಲ್ಲಿ ಮೊಳೆಗಳಿದ್ದಾಗ ಬಹಳ ಜನಕ್ಕೆ ಇದು ಹೊಳೆಯಲಿಲ್ಲ. ಮೊಳೆಗಳನ್ನು ಹೊರಗಿಟ್ಟು ಡಬ್ಬಿಯನ್ನು ಖಾಲಿಯಾಗಿ ಕೊಟ್ಟಾಗ ಸುಲಭವಾಗಿ ಹೊಳೆಯಿತು. ಮೊಳೆ ತುಂಬಿದ ಡಬ್ಬಿಯನ್ನು ಮನಸ್ಸು ‘ಮೊಳೆಯ ಪಾತ್ರೆ’ ಎಂದು ತೀರ್ಮಾನಿಸಿಬಿಟ್ಟಿತ್ತು. ಈ ತೀರ್ಮಾನಗಳಿಲ್ಲದೆ ದಿನನಿತ್ಯದ ಜೀವನ ಸಾಗದು. ಪ್ರತಿ ಸಾರಿಯೂ ಚೊಂಬು ಎಂದರೇನೆಂದು ಯೋಚಿಸುತ್ತ ಕುಳಿತರೆ ನೀರು ಕುಡಿಯುವುದು ಯಾವಾಗ? ಆದರೆ ಸಮಸ್ಯೆ ಬಂದಾಗ ಈ ತೀರ್ಮಾನಗಳೇ ಬೇಡಿಯಾಗುತ್ತವೆ. ಅವನ್ನು ಬೇಕಾದಾಗ ಸಡಿಲಿಸಿಕೊಳ್ಳುವುದೇ ಮುಂದೆ ಹೇಳುವ ಅಭ್ಯಾಸಗಳ ಗುರಿ.

ಒಂದನೆಯ ಅಭ್ಯಾಸ: ಊಹೆಗಳ ಪಟ್ಟಿ

ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಬೇಕು. ಅದರ ಕೆಳಗೆ, ಆ ವಾಕ್ಯದಲ್ಲಿ ಹೇಳದೆಯೇ ಒಪ್ಪಿಕೊಂಡಿರುವ ಸಂಗತಿಗಳನ್ನು ಒಂದೊಂದಾಗಿ ಬರೆಯಬೇಕು. ಅನಂತರ ಪ್ರತಿಯೊಂದಕ್ಕೂ ‘ಇದು ಹೀಗೆಯೇ ಇರಬೇಕೇ?’ ಎಂದು ಕೇಳಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಊರಿನಿಂದ ಬಂದ ತಂದೆಗೆ ವೈದ್ಯರು ದಿನವೂ ನಡೆಯಲು ಹೇಳಿದ್ದಾರೆ; ಅವರಾದರೋ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಮಗ ಹೇಳಿ ಹೇಳಿ ಸೋತಿದ್ದಾನೆ. ಇಲ್ಲಿರುವ ಊಹೆಗಳು: ನಡಿಗೆ ಮುಂಜಾನೆಯೇ ಆಗಬೇಕು, ಒಬ್ಬರೇ ಹೋಗಬೇಕು, ನಡೆಯುವುದಕ್ಕಾಗಿಯೇ ನಡೆಯಬೇಕು, ಅವರಿಗೆ ಸೋಮಾರಿತನ. ಕೊನೆಯದನ್ನು ಪ್ರಶ್ನಿಸಿದಾಗ ನಿಜವಾದ ಕಾರಣ ಹೊರಬೀಳಬಹುದು: ಅವರಿಗೆ ಮರಾಠಿ ಬಾರದು, ದಾರಿಯಲ್ಲಿ ಯಾರಾದರೂ ಮಾತನಾಡಿಸಿದರೆ ಏನು ಹೇಳುವುದೆಂಬ ಸಂಕೋಚ. ಆಗ ಸಂಜೆ ಮೊಮ್ಮಗಳೊಡನೆ ಶಿವಾಜಿ ಮಾರ್ಕೆಟ್ಟಿಗೆ ತರಕಾರಿ ತರಲು ಕಳುಹಿಸಬಹುದು. ಮರಾಠಿಯ ಮಾತು ಮೊಮ್ಮಗಳದು, ಸೊಪ್ಪು ಎಳೆಯದೋ ಬಲಿತದೋ ಎಂಬ ತೀರ್ಪು ಅಜ್ಜನದು. ಹೋಗಿ ಬರುವಾಗ ಮಗುವಿನ ಬಾಯಲ್ಲಿ ಹೀರೆ, ಬದನೆ, ಮೆಂತ್ಯಗಳ ಕನ್ನಡ ಹೆಸರುಗಳೂ ಉಳಿಯುತ್ತವೆ. ನಡಿಗೆಯ ಮಾತೇ ಎತ್ತದೆ ನಡಿಗೆ ನಡೆದುಹೋಗುತ್ತದೆ.

ಎರಡನೆಯ ಅಭ್ಯಾಸ: ಒಂದು ವಸ್ತು, ಹತ್ತು ಉಪಯೋಗ

ಅಮೆರಿಕದ ಮನೋವಿಜ್ಞಾನಿ ಜೆ. ಪಿ. ಗಿಲ್ಫರ್ಡ್ 1950ರಲ್ಲಿ ಮಾಡಿದ ಭಾಷಣದಲ್ಲಿ ಸೃಜನಶೀಲತೆಯನ್ನು ವಿಜ್ಞಾನ ಕಡೆಗಣಿಸಿದೆಯೆಂದು ಎಚ್ಚರಿಸಿದರು. ಮುಂದೆ ಅವರು ಬಳಕೆಗೆ ತಂದ ಪರೀಕ್ಷೆಗಳಲ್ಲಿ ಪ್ರಸಿದ್ಧವಾದುದು ಇದು: ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು? ಗೋಡೆ, ಒಲೆ, ಮೆಟ್ಟಿಲು ಎಂದು ಮೊದಲ ನಾಲ್ಕೈದು ಉತ್ತರಗಳು ಎಲ್ಲರಿಗೂ ಹೊಳೆಯುತ್ತವೆ. ಅವು ಮುಗಿದ ಮೇಲೆ ಬರುವ ಮೌನವನ್ನು ಸಹಿಸಿಕೊಂಡು ಕುಳಿತವರಿಗೆ ಮಾತ್ರ ಹೊಸದು ಕಾಣತೊಡಗುತ್ತದೆ. ಒಲೆಯ ಪಕ್ಕದಲ್ಲಿ ಬಿಸಿಮಾಡಿ ಬಟ್ಟೆ ಸುತ್ತಿದರೆ ಶಾಖ ಕೊಡುವ ಸಾಧನ. ಪುಡಿಮಾಡಿದರೆ ರಂಗೋಲಿಯ ಕೆಮ್ಮಣ್ಣು. ದಾರ ಕಟ್ಟಿ ಇಳಿಬಿಟ್ಟರೆ ತೂಗುಗುಂಡು.

ಈ ಅಭ್ಯಾಸವನ್ನು ಜೀವನದ ಕಾಯಕವಾಗಿ ಮಾಡಿಕೊಂಡವರೊಬ್ಬರು ಪುಣೆಯಲ್ಲಿಯೇ ಬಹುಕಾಲ ಕೆಲಸಮಾಡಿದ್ದಾರೆ. ಐ.ಐ.ಟಿ. ಕಾನ್ಪುರದಿಂದ 1975ರಲ್ಲಿ ಪದವಿ ಪಡೆದು ಪುಣೆಯ ಟೆಲ್ಕೋ ಕಾರ್ಖಾನೆಗೆ ಸೇರಿದ ಅರವಿಂದ ಗುಪ್ತ, 1978ರಲ್ಲಿ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಹೋದರು. ಅಲ್ಲಿ ಉಪಕರಣಗಳಿಗೆ ಹಣವಿರಲಿಲ್ಲ. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ತ್ರಿಕೋನ, ಚೌಕ, ಘನಗಳನ್ನು ರಚಿಸುವ ವಿಧಾನವನ್ನು ಅವರು ರೂಪಿಸಿದರು. ಮುಂದೆ 2003ರಿಂದ 2014ರವರೆಗೆ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳವಿಜ್ಞಾನ ಸಂಸ್ಥೆಯಾದ ಐಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ, ಕಸದಿಂದ ಆಟಿಕೆ ಮಾಡುವ ವಿದ್ಯೆಯನ್ನು ಅಸಂಖ್ಯ ಮಕ್ಕಳಿಗೆ ಹಂಚಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿಯನ್ನು ಮಾಡುವಾಗ ಕೆಲಸಮಾಡುವುದೂ ಇದೇ ಬುದ್ಧಿ.

ಮನೆಯಲ್ಲಿ ಊಟವಾದ ಮೇಲೆ ಐದು ನಿಮಿಷ ಈ ಆಟವನ್ನು ಆಡಬಹುದು. ತೆಂಗಿನ ಕರಟ, ಖಾಲಿ ಎಣ್ಣೆ ಡಬ್ಬ, ಮುರಿದ ಕೊಡೆ, ಯಾವುದಾದರೂ ಸರಿ. ಹತ್ತು ಉಪಯೋಗಗಳಾಗುವವರೆಗೆ ಯಾರೂ ಯಾರ ಉತ್ತರವನ್ನೂ ನಗೆಯಾಡಬಾರದೆಂಬುದೊಂದೇ ನಿಯಮ.

ಮೂರನೆಯ ಅಭ್ಯಾಸ: ಒಗಟು

ಕನ್ನಡದ ಹಳ್ಳಿಗಳಲ್ಲಿ ಈ ವಿದ್ಯೆಯ ಪಾಠಶಾಲೆ ಬಹು ಹಿಂದಿನಿಂದ ನಡೆದುಬಂದಿದೆ. ಒಗಟು ಒಂದು ವಸ್ತುವನ್ನು ಇನ್ನೊಂದರ ವೇಷದಲ್ಲಿ ತಂದು ನಿಲ್ಲಿಸುತ್ತದೆ: ಮೊಟ್ಟೆ ಬಾಗಿಲಿಲ್ಲದ ಮನೆಯಾಗುತ್ತದೆ, ತೆಂಗಿನಕಾಯಿ ಮರದ ಮೇಲಿನ ನೀರಿನ ಕೊಡವಾಗುತ್ತದೆ. ಮನೆಯೆಂದೊಡನೆ ಕಲ್ಲುಮಣ್ಣಿನ ಮನೆಯನ್ನೇ ಹಿಡಿದು ಕುಳಿತವನಿಗೆ ಉತ್ತರ ಸಿಗದು. ಮಾತಿನ ಮೊದಲ ಅರ್ಥವನ್ನು ಬಿಟ್ಟುಕೊಡುವ ಅಭ್ಯಾಸವನ್ನು ಒಗಟು ನಗುನಗುತ್ತಲೇ ಮಾಡಿಸುತ್ತದೆ. ಊರಿನಿಂದ ಬಂದ ಅಜ್ಜಿಯರಲ್ಲಿ ಇವುಗಳ ಭಂಡಾರವೇ ಇರುತ್ತದೆ. ಕೇಳುವವರಿಲ್ಲದೆ ಅದು ಕರಗಿಹೋಗುತ್ತಿದೆ. ಮಕ್ಕಳು ವಾರಕ್ಕೊಂದು ಒಗಟನ್ನು ಅಜ್ಜಿಯಿಂದ ಕೇಳಿ ಬರೆದಿಟ್ಟುಕೊಂಡು, ಅದೇ ಮಾದರಿಯಲ್ಲಿ ಕ್ಯಾಂಪಿನ ವಸ್ತುಗಳ ಮೇಲೆ, ಲಿಫ್ಟಿನ ಮೇಲೆ, ರಿಕ್ಷಾದ ಮೀಟರಿನ ಮೇಲೆ ತಾವೇ ಹೊಸ ಒಗಟು ಕಟ್ಟಬೇಕು. ಬಿಡಿಸುವುದಕ್ಕಿಂತ ಕಟ್ಟುವುದರಲ್ಲಿ ಹೆಚ್ಚಿನ ಲಾಭವಿದೆ.

ಒಂದೇ ಉತ್ತರವಿಲ್ಲದ ಪ್ರಶ್ನೆಗಳನ್ನೂ ಕೇಳಬಹುದು. ಓದುಬಾರದ ಒಬ್ಬ ಮನುಷ್ಯ ಪ್ರತಿದಿನ ದಿನಪತ್ರಿಕೆ ಕೊಳ್ಳುತ್ತಾನೆ. ಮನೆಯಲ್ಲಿ ಓದುವವರು ಯಾರೂ ಇಲ್ಲ. ಏಕೆ? ಶೇಂಗಾ ಕಟ್ಟಿಕೊಡಲು ಇರಬಹುದು, ಪಕ್ಕದ ಮನೆಯ ಮುದುಕರಿಗೆ ತಂದುಕೊಡಲು ಇರಬಹುದು, ಮಗಳ ಚಿತ್ರ ಅಚ್ಚಾಗುವ ದಿನಕ್ಕಾಗಿ ಕಾಯುತ್ತಿರಬಹುದು. ಐದು ಉತ್ತರಗಳಾದ ಮೇಲೂ ಆರನೆಯದನ್ನು ಹುಡುಕುವುದೇ ಇಲ್ಲಿಯ ವ್ಯಾಯಾಮ.

ನಾಲ್ಕನೆಯ ಅಭ್ಯಾಸ: ತಲೆಕೆಳಗು ಮಾಡುವುದು

ಬೇಕಾದದ್ದಕ್ಕೆ ನೇರ ವಿರುದ್ಧವಾದುದನ್ನು ಸಾಧಿಸುವುದು ಹೇಗೆಂದು ಕೇಳುವುದು ಈ ಅಭ್ಯಾಸ. ‘ನಮ್ಮ ಕನ್ನಡ ತರಗತಿಗೆ ಒಂದು ಮಗುವೂ ಬರದಂತೆ ಮಾಡುವುದು ಹೇಗೆ?’ ಎಂದು ಯಾವುದೇ ಸಂಘದ ಸಮಿತಿ ಕೇಳಿಕೊಳ್ಳಲಿ. ಉತ್ತರಗಳು ಸರಸರನೆ ಬರುತ್ತವೆ. ಭಾನುವಾರ ಬೆಳಿಗ್ಗೆ ಕ್ರಿಕೆಟ್ ಆಡುವ ಹೊತ್ತಿಗೆ ತರಗತಿ ಇಡಬೇಕು. ಮೊದಲ ಮೂರು ತಿಂಗಳು ಕಾಗುಣಿತವನ್ನೇ ಬರೆಸಬೇಕು. ಮರಾಠಿ ಬೆರೆತರೆ ಗದರಿಸಬೇಕು. ತರಗತಿಗೆ ಕರೆತರುವ ತಂದೆತಾಯಿಗಳು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತನಾಡಬೇಕು. ನಗೆ ಮುಗಿದ ಮೇಲೆ ಪಟ್ಟಿಯನ್ನು ಮತ್ತೆ ಓದಿದಾಗ, ಇವುಗಳಲ್ಲಿ ಎಷ್ಟು ಆಗಲೇ ನಡೆಯುತ್ತಿವೆಯೆಂಬುದು ತಿಳಿಯುತ್ತದೆ. ದೋಷವನ್ನು ಯಾರ ತಲೆಗೂ ಕಟ್ಟದೆ ಕಾಣುವಂತೆ ಮಾಡುವ ಗುಣ ಈ ಅಭ್ಯಾಸಕ್ಕಿದೆ.

ಐದನೆಯ ಅಭ್ಯಾಸ: ಅಕಸ್ಮಾತ್ತಾದ ಶಬ್ದ

ಯೋಚನೆ ಒಂದೇ ಸುತ್ತಿನಲ್ಲಿ ತಿರುಗುತ್ತಿದ್ದರೆ ಹೊರಗಿನಿಂದ ಒಂದು ತಳ್ಳು ಬೇಕಾಗುತ್ತದೆ. ನಿಘಂಟನ್ನು ಕಣ್ಣುಮುಚ್ಚಿ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಶಬ್ದವನ್ನು ಸಮಸ್ಯೆಯ ಪಕ್ಕದಲ್ಲಿ ಬರೆಯುವುದು ಡಿ ಬೋನೊ ಸೂಚಿಸಿದ ಉಪಾಯ. ಕಿಟ್ಟೆಲರ 1894ರ ನಿಘಂಟಾದರೂ ಸರಿ, ಶಾಲೆಯ ಕಿರುಕೋಶವಾದರೂ ಸರಿ. ಸಮಸ್ಯೆ, ತಾಯಿ ಸಂಜೆಯ ರಕ್ತದೊತ್ತಡದ ಮಾತ್ರೆಯನ್ನು ಮರೆಯುತ್ತಾರೆ ಎಂಬುದಿರಲಿ. ಸಿಕ್ಕ ಶಬ್ದ ‘ದೀಪ’. ದೀಪಕ್ಕೂ ಮಾತ್ರೆಗೂ ಏನು ಸಂಬಂಧ? ದೀಪ ಹಚ್ಚುವುದನ್ನು ತಾಯಿ ಎಂದೂ ಮರೆಯುವುದಿಲ್ಲ. ಹಾಗಾದರೆ ಮಾತ್ರೆಯ ಡಬ್ಬಿ ಇರಬೇಕಾದದ್ದು ಕಪಾಟಿನಲ್ಲಲ್ಲ, ದೇವರ ಗೂಡಿನ ಬಳಿ, ಬತ್ತಿಯ ಡಬ್ಬಿಯ ಪಕ್ಕದಲ್ಲಿ. ಆ ಮಾತ್ರೆಯನ್ನು ಆ ಹೊತ್ತಿಗೆ ತೆಗೆದುಕೊಳ್ಳಬಹುದೇ, ಊಟಕ್ಕೆ ಮುಂಚೆಯೋ ಅನಂತರವೋ ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು; ಚಿಕ್ಕ ಮಕ್ಕಳ ಕೈಗೆ ಸಿಗದಂತೆಯೂ ಇಡಬೇಕು. ಹೊಳೆದ ವಿಚಾರವನ್ನು ಹೀಗೆ ಒರೆಗೆ ಹಚ್ಚುವವರೆಗೆ ಅದು ಪರಿಹಾರವೆನಿಸುವುದಿಲ್ಲ.

ಆರನೆಯ ಅಭ್ಯಾಸ: ಮೊದಲು ಒಂಟಿಯಾಗಿ, ಆಮೇಲೆ ಒಟ್ಟಾಗಿ

ಹತ್ತು ಜನ ಕೂಡಿ ಮಾತನಾಡಿದರೆ ಹೊಸ ವಿಚಾರಗಳು ಉಕ್ಕುತ್ತವೆಂಬುದು ಲೋಕರೂಢಿ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಾಲ್ವರು ಕೂಡಿ ಯೋಚಿಸಿದುದಕ್ಕಿಂತ, ನಾಲ್ವರು ಬೇರೆ ಬೇರೆ ಕುಳಿತು ಬರೆದುದನ್ನು ಒಟ್ಟುಗೂಡಿಸಿದಾಗ ಹೆಚ್ಚು ವಿಚಾರಗಳು ದೊರೆತವು. ಸಭೆಯಲ್ಲಿ ಹಿರಿಯರೊಬ್ಬರು ಮಾತನಾಡಿದರೆ ಉಳಿದವರ ಯೋಚನೆ ಅದೇ ಜಾಡಿನಲ್ಲಿ ಬೀಳುತ್ತದೆ. ಸಂಕೋಚದವರು ಬಾಯಿ ತೆರೆಯುವುದೇ ಇಲ್ಲ. ಆದುದರಿಂದ ಸಮಿತಿಯ ಸಭೆಗಳಲ್ಲಿಯೂ ಮನೆಯ ಚರ್ಚೆಗಳಲ್ಲಿಯೂ ಮೊದಲ ಹತ್ತು ನಿಮಿಷ ಎಲ್ಲರೂ ಮೌನವಾಗಿ ಚೀಟಿಗಳಲ್ಲಿ ಬರೆಯಲಿ, ಹೆಸರಿಲ್ಲದ ಚೀಟಿಗಳನ್ನು ಒಬ್ಬರು ಓದಲಿ, ಅನಂತರ ಚರ್ಚೆ ನಡೆಯಲಿ. ಸೊಸೆಯ ವಿಚಾರವೂ ಕಿರಿಯ ಸದಸ್ಯನ ವಿಚಾರವೂ ತನ್ನ ಯೋಗ್ಯತೆಯ ಮೇಲೆ ನಿಲ್ಲಲು ಇದರಿಂದ ಅವಕಾಶವಾಗುತ್ತದೆ.

ನಡಿಗೆ ಮತ್ತು ನಿದ್ರೆ

ಮಿದುಳೂ ಶರೀರದ ಅಂಗವೇ. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಕುಳಿತಿರುವಾಗಿಗಿಂತ ನಡೆಯುವಾಗ ಹೆಚ್ಚಿನವರಿಗೆ ಹೆಚ್ಚು ಹೊಸ ವಿಚಾರಗಳು ಹೊಳೆದವು. ಒಂದೇ ಸರಿಯುತ್ತರವಿರುವ ಪ್ರಶ್ನೆಗಳಲ್ಲಿ ಮಾತ್ರ ನಡಿಗೆಯಿಂದ ಲಾಭ ಕಾಣಲಿಲ್ಲ. ವಿಚಾರ ಹುಡುಕುವುದಕ್ಕೆ ನಡಿಗೆ, ಲೆಕ್ಕ ನೋಡುವುದಕ್ಕೆ ಮೇಜು ಎಂದು ಇದನ್ನು ಸಂಗ್ರಹಿಸಬಹುದು.

ನಿದ್ರೆಯ ಮಹತ್ತ್ವ ಇನ್ನೂ ಸ್ಪಷ್ಟ. 2004ರಲ್ಲಿ ಜರ್ಮನಿಯ ಸಂಶೋಧಕರು, ಒಳಗೊಂದು ಗುಪ್ತವಾದ ಒಳದಾರಿಯಿರುವ ಅಂಕಿಗಳ ಲೆಕ್ಕವನ್ನು ಕೊಟ್ಟರು. ಎಂಟು ಗಂಟೆ ನಿದ್ರಿಸಿ ಬಂದವರಲ್ಲಿ ಶೇಕಡ 59 ಮಂದಿ ಆ ಒಳದಾರಿಯನ್ನು ಕಂಡುಹಿಡಿದರು. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಸುಮಾರು ಶೇಕಡ 23 ಮಂದಿ ಮಾತ್ರ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ನಿದ್ದೆಗೆಡಿಸಿ ಕೂರಿಸುವ ತಂದೆತಾಯಿಗಳು ಇದನ್ನು ಗಮನಿಸುವುದೊಳ್ಳೆಯದು. ಬಿಡಿಸಲಾಗದ ಚಿಂತೆಯನ್ನು ಮಲಗುವ ಮುನ್ನ ಕಾಗದದ ಮೇಲೆ ಬರೆದಿಟ್ಟು ಮಲಗುವುದು, ಮತ್ತೆ ಬೆಳಿಗ್ಗೆ ಅದನ್ನು ನೋಡುವುದು ಉತ್ತಮವಾದ ರೂಢಿ.

ಮಿತಿಗಳು

ಯಾವ ಔಷಧಕ್ಕೂ ಇರುವಂತೆ ಇದಕ್ಕೂ ಮಿತಿಗಳಿವೆ. ಮೂರು ಸಾಲುಗಳಲ್ಲಿ ಮೂರು ಮೂರರಂತೆ ಒಂಬತ್ತು ಚುಕ್ಕೆಗಳನ್ನಿಟ್ಟು, ಲೇಖನಿ ಎತ್ತದೆ ನಾಲ್ಕೇ ಸರಳರೇಖೆಗಳಿಂದ ಎಲ್ಲವನ್ನೂ ಮುಟ್ಟುವ ಸಮಸ್ಯೆ ಅನೇಕರಿಗೆ ಪರಿಚಿತ. ರೇಖೆಗಳು ಚುಕ್ಕೆಗಳ ಚೌಕವನ್ನು ದಾಟಿ ಹೊರಹೋಗಬೇಕೆಂಬುದೇ ಅದರ ಗುಟ್ಟು. ಆದರೆ 1981ರಲ್ಲಿ ವೈಸ್‌ಬರ್ಗ್ ಮತ್ತು ಆಲ್ಬಾ ಎಂಬ ಸಂಶೋಧಕರು ಈ ಗುಟ್ಟನ್ನು ಮೊದಲೇ ಹೇಳಿಕೊಟ್ಟರೂ ಬಹುಮಂದಿಗೆ ಅದನ್ನು ಬಿಡಿಸಲಾಗಲಿಲ್ಲ. ಗೆರೆ ದಾಟುವ ಧೈರ್ಯವೊಂದೇ ಸಾಲದು. ದಾಟಿ ಎಲ್ಲಿಗೆ ಹೋಗಬೇಕೆಂಬ ತಿಳಿವಳಿಕೆಯೂ ಬೇಕು. ವಿಶ್ವೇಶ್ವರಯ್ಯನವರ ದ್ವಾರಗಳ ಹಿಂದೆ ವರ್ಷಗಟ್ಟಲೆ ನೀರಿನ ಮಟ್ಟ ಅಳೆದ ಅಂಕಿಗಳೂ, ಭಾರ ಮತ್ತು ಒತ್ತಡಗಳ ಕಠಿನವಾದ ಲೆಕ್ಕಗಳೂ ಇದ್ದುವೆಂಬುದನ್ನು ಮರೆಯುವಂತಿಲ್ಲ. ಪಾರ್ಶ್ವಚಿಂತನೆ ದಾರಿಯನ್ನು ತೋರಿಸುತ್ತದೆ. ಅದರಲ್ಲಿ ನಡೆಯುವುದು ನೇರ ಚಿಂತನೆಯ ಕೆಲಸ.

ಎರಡನೆಯದಾಗಿ, ಒಗಟು ಬಿಡಿಸುವುದರಿಂದಲೇ ಬುದ್ಧಿ ಸರ್ವತೋಮುಖವಾಗಿ ಬೆಳೆಯುತ್ತದೆಂಬ ಜಾಹೀರಾತುಗಳನ್ನು ನಂಬಬೇಕಾಗಿಲ್ಲ. 2010ರಲ್ಲಿ ಪ್ರಕಟವಾದ, 11,430 ಮಂದಿ ಆರು ವಾರಗಳ ಕಾಲ ಭಾಗವಹಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ, ಮಿದುಳಿನ ಆಟಗಳನ್ನು ಆಡಿದವರು ಆ ಆಟಗಳಲ್ಲಿ ಮಾತ್ರ ನುರಿತರು. ಬೇರೆ ಪರೀಕ್ಷೆಗಳಲ್ಲಿ ಆಟಗಳ ಲಾಭ ಕಾಣಲಿಲ್ಲ. ಈ ಕಾರಣದಿಂದಲೇ ಇಲ್ಲಿ ಹೇಳಿದ ಅಭ್ಯಾಸಗಳಲ್ಲಿ ಹೆಚ್ಚಿನವನ್ನು ಮನೆಯ, ಸಂಘದ ನಿಜವಾದ ಸಮಸ್ಯೆಗಳ ಮೇಲೆಯೇ ಪ್ರಯೋಗಿಸಬೇಕು. ಒಗಟು ಗರಡಿಯ ಸಾಮಿನಂತೆ. ಕುಸ್ತಿ ನಡೆಯಬೇಕಾದದ್ದು ಬದುಕಿನ ಕಣದಲ್ಲಿ. ಮರೆವು, ದೀರ್ಘಕಾಲದ ನಿದ್ರಾಹೀನತೆ, ಮನಸ್ಸಿನ ಕುಗ್ಗುವಿಕೆ ಇವುಗಳಿಗೆ ವೈದ್ಯರ ಸಲಹೆಯೇ ಮೊದಲ ಪರಿಹಾರ. ಇವು ಆಲೋಚನೆಯ ದೋಷಗಳಲ್ಲ, ರೋಗದ ಲಕ್ಷಣಗಳಾಗಿರಬಹುದು.

ಆರಂಭಿಸುವ ಕ್ರಮ

ಎಲ್ಲವನ್ನೂ ಒಮ್ಮೆಗೇ ಹಿಡಿಯಬಾರದು. ವಾರಕ್ಕೆ ಎರಡು ದಿನ, ಹತ್ತು ನಿಮಿಷಗಳು ಸಾಕು. ಮೊದಲ ತಿಂಗಳು ಮಕ್ಕಳೊಡನೆ ವಸ್ತುವಿನ ಉಪಯೋಗದ ಆಟ ಮತ್ತು ಒಗಟು. ಎರಡನೆಯ ತಿಂಗಳು ಮನೆಯ ಒಂದು ಚಿಕ್ಕ ತೊಂದರೆಯನ್ನು ಆರಿಸಿಕೊಂಡು ಊಹೆಗಳ ಪಟ್ಟಿ ಮತ್ತು ತಲೆಕೆಳಗು ಮಾಡುವ ಅಭ್ಯಾಸ. ಹೊಳೆದ ಉಪಾಯವನ್ನು ಒಂದು ವಾರ ನಡೆಸಿ ನೋಡಬೇಕು. ಫಲಿಸದಿದ್ದರೆ ಪಟ್ಟಿಗೆ ಮರಳಿ ಇನ್ನೊಂದು ಊಹೆಯನ್ನು ಪ್ರಶ್ನಿಸಬೇಕು. ಇದಕ್ಕಾಗಿ ಒಂದು ಪುಸ್ತಕವನ್ನು ಇಟ್ಟು, ಯಾವ ಊಹೆ ಸಡಿಲಿತು, ಏನು ಬದಲಾಯಿತು ಎಂದು ಎರಡು ಸಾಲು ಕನ್ನಡದಲ್ಲಿ ಬರೆದರೆ ವರ್ಷಾಂತ್ಯಕ್ಕೆ ಆ ಮನೆಯದೇ ಒಂದು ಅನುಭವಕೋಶ ಸಿದ್ಧವಾಗುತ್ತದೆ.

ಮಕ್ಕಳ ಶಾಲೆಗಳು ಒಂದು ಪ್ರಶ್ನೆಗೆ ಒಂದೇ ಸರಿಯುತ್ತರವನ್ನು ಕಲಿಸುತ್ತವೆ. ಕಚೇರಿಗಳು ಗೊತ್ತಾದ ಕ್ರಮವನ್ನೇ ಬಯಸುತ್ತವೆ. ಎರಡನೆಯ ಉತ್ತರವನ್ನು ಕೇಳುವ ಸ್ಥಳ ಮನೆಯೊಂದೇ ಉಳಿದಿದೆ. ಮಗು ತಪ್ಪುತ್ತರ ಕೊಟ್ಟಾಗ ತಿದ್ದುವ ಮೊದಲು, ‘ಹೀಗೇಕೆ ಯೋಚಿಸಿದೆ?’ ಎಂದು ಒಮ್ಮೆ ಕೇಳುವ ತಂದೆತಾಯಿಗಳು ಈ ವಿದ್ಯೆಯ ಮೊದಲ ಪಾಠವನ್ನು ಆಗಲೇ ಆರಂಭಿಸಿದ್ದಾರೆ.